ಹೊಸ ಅಕ್ಕಿಯ ಬಟ್ಟಲು

ಮನೆಯೆಲ್ಲ ಹಸಿ ಹುಲ್ಲಿನ ವಾಸನೆ. ಬೆಳಿಗ್ಗೆ ಇಗರ್ಜಿಯಿಂದ ತಂದ ಭತ್ತದ ತೆನೆಗಳು ದೇವರ ಪೀಠದ ಮೇಲಿವೆ. ಕಳೆದ ವರ್ಷದ ಒಣ ತೆನೆಯನ್ನು ಶಿಲುಬೆಯ ಹಿಂದಿನಿಂದ ತೆಗೆಯುವಾಗ ನಾಲ್ಕು ಕಾಳು ಉದುರಿ ನೆಲಕ್ಕೆ ಬಿದ್ದವು. ಹೆಕ್ಕಲು ಬಗ್ಗಿದವಳಿಗೆ ಏಳುವುದು ಕಷ್ಟವಾಯಿತು. ಮಂಡಿನೋವು ಎಂದು ಮಕ್ಕಳಿಗೆ ಹೇಳಿದೆ. ಮಂಡಿಯ ಮೇಲೆ ಎಷ್ಟೋ ಸುಳ್ಳು ಹೊರಿಸಬಹುದು ನೋಡಿ.

ಇವತ್ತು ಮೊಂತಿ ಹಬ್ಬ, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಒಂಬತ್ತು ದಿನ ಮಕ್ಕಳು ಹೂವು ತಂದು ಬಾಲೆ ಮರಿಯಳಿಗೆ ಎರಚುತ್ತಾರೆ. ಹತ್ತನೆಯ ದಿನ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಕಾಳು ಸುಲಿದು, ಜಜ್ಜಿ, ತೆಂಗಿನ ಹಾಲು ಬೆಲ್ಲಕ್ಕೆ ಬೆರೆಸಿ, ಪ್ರಾರ್ಥನೆಯಾದ ಮೇಲೆ ಮನೆಯವರೆಲ್ಲ ಕುಡಿಯುತ್ತೇವೆ. ದೂರ ಇರುವವರಿಗೆ ನಮ್ಮ ಅತ್ತೆ ನಾಲ್ಕು ಕಾಳನ್ನು ಕಾಗದದಲ್ಲಿ ಮಡಚಿ ಅಂಚೆಗೆ ಹಾಕುತ್ತಿದ್ದರು. ಆ ಕಾಳು ಸಿಕ್ಕಿದವರು ಮನೆಯವರು. ಅಷ್ಟು ಸರಳ.

ನಾನು ಮದುವೆಯಾಗಿ ವಾಮಂಜೂರಿನ ಆ ಮನೆಗೆ ಹೋದಾಗ ನಾವು ಆರು ಜನ. ಅತ್ತೆ, ಮಾವ, ನಮ್ಮವರು, ಮೈದುನ, ನಾನು. ಮತ್ತೆ ನಮ್ಮವರ ಅಕ್ಕ ಲಿಲ್ಲಿಬಾಯ್. ಅವರಿಗೆ ಮದುವೆಯಾಗಿರಲಿಲ್ಲ. ಅಡುಗೆಮನೆ ಅವರದು. ನಾನೋ, ಸಿಸ್ಟರುಗಳ ಕೈಯಲ್ಲಿ ಕಲಿತವಳು. ಮೇಜುಬಟ್ಟೆಗೆ ಕಸೂತಿ ಹಾಕುವುದು ಬಿಟ್ಟರೆ ಎಂತದೂ ಗೊತ್ತಿಲ್ಲ.

"ಕಾನ್ವೆಂಟಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದರೆ ತೆಂಗಿನಕಾಯಿ ತನ್ನಷ್ಟಕ್ಕೇ ತುರಿದುಕೊಳ್ತದಾ?" ಎಂದು ಲಿಲ್ಲಿಬಾಯ್ ಕೇಳಿದರೆ ಮನೆಯೆಲ್ಲ ನಗು. ಬರೆಯುತ್ತಿರುವುದು ಕನ್ನಡದಲ್ಲಾದರೂ ಈ ಮಾತೆಲ್ಲ ನಡೆದದ್ದು ಕೊಂಕಣಿಯಲ್ಲಿ. ಕೊಂಕಣಿಯಲ್ಲಿ ಅದು ಇನ್ನೂ ಸ್ವಲ್ಪ ಚುಚ್ಚುತ್ತದೆ. ನಾನೂ ನಗುತ್ತಿದ್ದೆ. ನಕ್ಕು, ಒಳಗೆ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದೆ.

ಎರಡನೆಯ ವರ್ಷದ ಮೊಂತಿಗೆ ಬಟ್ಟಲು ಜೋಡಿಸುವ ಕೆಲಸ ಅತ್ತೆ ನನಗೆ ಕೊಟ್ಟರು. ನಾನು ಐದು ಇಟ್ಟೆ. ಪ್ರಾರ್ಥನೆ ಮುಗಿಯಿತು, ಹಂಚಿಯೂ ಆಯಿತು. ಲಿಲ್ಲಿಬಾಯ್ ಸೌಟು ಹಿಡಿದುಕೊಂಡು ನಿಂತೇ ಇದ್ದರು.

"ಒಂದು ಕಮ್ಮಿ ಉಂಟಲ್ಲ?" ಎಂದರು ಅತ್ತೆ.

"ಅಯ್ಯೋ, ಮರೆತೇ ಹೋಯಿತು" ಎಂದೆ.

"ಇರಲಿ ಮಾರಾಯ್ತಿ, ನಾನು ಪಾತ್ರೆಗೆ ಅಂಟಿದ್ದನ್ನು ಬಳಿದುಕೊಳ್ತೇನೆ" ಎಂದು ಲಿಲ್ಲಿಬಾಯ್ ನಿಜವಾಗಿಯೂ ಬೆರಳಿನಲ್ಲಿ ಪಾತ್ರೆಯ ಸುತ್ತ ಬಳಿದು ನೆಕ್ಕಿದರು. ಎಲ್ಲರೂ ನಕ್ಕರು. ಆ ಸಲ ಅವರು ಮಾತ್ರ ನಗಲಿಲ್ಲ. ಮುಂದಿನ ತಿಂಗಳು ಪೇಟೆಯ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸ ಹಿಡಿದು ಹೋದರು. ಕ್ರಿಸ್ಮಸ್ಸಿಗೆ ಬರುತ್ತಿದ್ದರು, ಯಾರಾದರೂ ಸತ್ತರೆ ಬರುತ್ತಿದ್ದರು. ಮೊಂತಿಗೆ ಮಾತ್ರ, "ಹಾಸ್ಟೆಲಲ್ಲಿ ಕೆಲಸ ಉಂಟು."

ಶಾಲೆಯಲ್ಲಿ ಪಾಪನಿವೇದನೆಗೆ ಮೊದಲು ಸಿಸ್ಟರ್ ನಮ್ಮಿಂದ ಪಾಪಗಳ ಪಟ್ಟಿ ಬರೆಸುತ್ತಿದ್ದರು. ನಾನು ಸ್ಕೇಲಿಟ್ಟು ಗೆರೆ ಎಳೆದು ಬರೆಯುತ್ತಿದ್ದೆ. ಅಕ್ಷರದ ಮೇಲೆ ಅಷ್ಟು ಪ್ರೀತಿ, ಪಾಪದ ಮೇಲೆ ಅಷ್ಟೇನೂ ಗಮನವಿಲ್ಲ. ಆ ಅಭ್ಯಾಸದ ಬಲದಿಂದಲೇ ಆ ಮೊಂತಿಯಾದ ಮೇಲೆ ಪಾದ್ರಿಗಳ ಮುಂದೆ ಮೊಣಕಾಲೂರಿ ಚೊಕ್ಕವಾಗಿ ಹೇಳಿದೆ: ಹಬ್ಬದ ದಿನ ಗಂಡನ ಅಕ್ಕನನ್ನು ಮರೆತೆ.

"ಮರೆತದ್ದು ಪಾಪ ಅಲ್ಲಮ್ಮ. ಮೂರು ನಮೋ ಮರಿಯ ಹೇಳಿ" ಎಂದರು ಅವರು.

ಹೇಳಿದೆ, ಮೂರೂ. ಆದರೆ ನಾನು ಮರೆತಿರಲಿಲ್ಲ. ಆರನೆಯ ಬಟ್ಟಲನ್ನು ಕೈಗೆ ತೆಗೆದುಕೊಂಡಿದ್ದೆ. ಅದರ ಅಂಚಿನ ನೆಗ್ಗನ್ನು ಹೆಬ್ಬೆರಳಿನಲ್ಲಿ ಸವರಿ, ವಾಪಸು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ್ದೆ. ಬಲಿಪೀಠಕ್ಕೆ ಕಾಣಿಕೆ ತಂದವನು ಮೊದಲು ಹೋಗಿ ಸಹೋದರನೊಂದಿಗೆ ರಾಜಿಯಾಗಲಿ ಎಂಬ ಸುವಾರ್ತೆ ಓದುವ ದಿನ ನಾನು ಬ್ಯಾಗಿನಲ್ಲಿ ಕರ್ಚೀಫು ಹುಡುಕುತ್ತೇನೆ. ಇಷ್ಟು ವರ್ಷಗಳಲ್ಲಿ ಆ ಕರ್ಚೀಫು ಒಮ್ಮೆಯೂ ಬೇಗ ಸಿಕ್ಕಿಲ್ಲ.

ಲಿಲ್ಲಿಬಾಯ್ ಈಗ ಸಿಸ್ಟರುಗಳು ನಡೆಸುವ ವೃದ್ಧಾಶ್ರಮದಲ್ಲಿದ್ದಾರೆ. ಮೂರು ವರ್ಷದಿಂದ ಅವರಿಗೆ ನೆನಪಿಲ್ಲ. ಜಪಮಾಲೆಯ ಮಣಿ ಬೆರಳಿಗೆ ಗೊತ್ತು, ತಮ್ಮನ ಮುಖ ಗೊತ್ತಿಲ್ಲ. ಇವತ್ತು ಮಧ್ಯಾಹ್ನ ಸಣ್ಣ ಫ್ಲಾಸ್ಕಿನಲ್ಲಿ ಹೊಸ ಅಕ್ಕಿಯ ಹಾಲು ತುಂಬಿಸಿಕೊಂಡು ಹಂಪನಕಟ್ಟೆಯಲ್ಲಿ ಬಸ್ಸು ಹತ್ತಿ ಒಬ್ಬಳೇ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿದೆ. ಕೊನೆಗೆ ಮಂಚದ ಪಕ್ಕ ಕೂತು ಹೇಳಿಯೇಬಿಟ್ಟೆ.

"ಲಿಲ್ಲಿಬಾಯ್, ಆ ದಿನ ನಾನು ಮರೆತದ್ದಲ್ಲ. ಬೇಕೆಂದೇ ನಿಮ್ಮ ಬಟ್ಟಲು ಇಡಲಿಲ್ಲ."

"ಯಾವ ಬಟ್ಟಲು?" ಎಂದರು. ನನ್ನ ಸೀರೆಯ ಅಂಚನ್ನು ಮುಟ್ಟಿ ನೋಡಿದರು. "ಒಳ್ಳೆ ಸೀರೆ. ನೀವು ಯಾರ ಮನೆಯವರು?"

ಫ್ಲಾಸ್ಕಿನ ಮುಚ್ಚಳಕ್ಕೆ ಹಾಲು ಬಗ್ಗಿಸಿ ಕೊಟ್ಟೆ. ಎರಡು ಗುಟುಕು ಕುಡಿದು, ಅರ್ಧಕ್ಕೇ ನಿಲ್ಲಿಸಿ ಮುಚ್ಚಳವನ್ನು ನನ್ನ ಕಡೆ ಚಾಚಿದರು.

"ಇದು ನಮ್ಮ ತಮ್ಮನ ಹೆಂಡತಿಗೆ ಕೊಡಿ ಆಯ್ತಾ? ಕಾನ್ವೆಂಟಿನ ಹುಡುಗಿ, ಪಾಪ. ಹಸಿವಾದರೂ ಬಾಯಿ ಬಿಡುವುದಿಲ್ಲ ಮಾರಾಯ್ರೆ ಅದು."

ಕೊಡುತ್ತೇನೆ ಎಂದೆ. ಅವರು ಕೊಟ್ಟದ್ದು ಹೊಸದಾಗಿ ಮನೆಗೆ ಬಂದ ಹುಡುಗಿಗೆ, ಇನ್ನೂ ಕಪಾಟಿನ ಬಾಗಿಲು ಹಾಕದವಳಿಗೆ. ನನ್ನನ್ನು ಕ್ಷಮಿಸಬೇಕಾದರೆ ಅವರಿಗೆ ಆ ದಿನ ನೆನಪಿರಬೇಕಿತ್ತು. ನೆನಪಿದ್ದಷ್ಟು ವರ್ಷ ನಾನು ಹೋಗಲಿಲ್ಲ. ಮರೆವನ್ನು ನೆಪ ಮಾಡಿಕೊಂಡವಳು ನಾನು. ಅದು ಬಂದು ಕೂತದ್ದು ಅವರ ತಲೆಯಲ್ಲಿ.

ಶನಿವಾರ ಪಾಪನಿವೇದನೆಗೆ ಹೋಗಿ ಈ ಸಲ ಸರಿಯಾದ ಮಾತು ಹೇಳುತ್ತೇನೆ. ಪಾದ್ರಿಗಳು ಕ್ಷಮಿಸುತ್ತಾರೆ, ಅದಕ್ಕೆ ಅವರಿಗೆ ಅಧಿಕಾರವಿದೆ. ಆದರೆ ಪಾತ್ರೆ ಬಳಿದವರು ಅವರಲ್ಲವಲ್ಲ.

ಆ ಅರ್ಧ ಮುಚ್ಚಳದ ಹಾಲನ್ನು ಫ್ಲಾಸ್ಕಿನಲ್ಲೇ ಮನೆಗೆ ತಂದು, ಬಟ್ಟಲಿಗೆ ಸುರಿದು ಮೇಜಿನ ಮೇಲಿಟ್ಟಿದ್ದೇನೆ. ತೆಂಗಿನ ಹಾಲು, ಆಗಲೇ ಹುಳಿ ವಾಸನೆ ಬರುತ್ತಿದೆ. ಆಶೀರ್ವದಿಸಿದ್ದನ್ನು ಚೆಲ್ಲುವ ಹಾಗಿಲ್ಲ. ಸಂಜೆಯ ಜಪಸರಕ್ಕೆ ಮೇಣದಬತ್ತಿ ಹಚ್ಚಲು ಬಂದ ಸಣ್ಣ ಮಗಳು ಕೇಳಿದಳು, "ಮಮ್ಮಿ, ಎಲ್ಲರದ್ದೂ ಆಯ್ತಲ್ಲ, ಇದು ಯಾರಿಗೆ?"

'ನನಗೆ' ಎನ್ನಲು ಬಾಯಿ ಬರಲಿಲ್ಲ.

"ಮುಚ್ಚಿಡು ಮಗಾ" ಎಂದೆ.