ಅಂಗೈಯ ಲಿಂಗ, ಅಪ್ಪನ ಕಣ್ಣು

ನಮ್ಮವರಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಹಣೆಗೆ ವಿಭೂತಿ ಬಳಿದು, ಬದುಕಿರುವಷ್ಟು ದಿನ ಕೊರಳಲ್ಲಿದ್ದ ಲಿಂಗವನ್ನು ಎಡಗೈಯಲ್ಲಿಡುತ್ತೇವೆ. ಕುಣಿಯಲ್ಲೂ ಹಾಗೇ ಕೂರಿಸಿ ಮಣ್ಣು ಕೊಡುತ್ತೇವೆ. ಎಂಬತ್ತರ ದಶಕದ ನಡುವೆ ಒಂದು ಬೆಳಗ್ಗೆ, ನ್ಯಾಮತಿಯ ನಮ್ಮ ಮನೆಯಲ್ಲಿ ಅಪ್ಪ ಹಾಗೆ ಕೂತಿದ್ದ. ನಾನು ಪೋಸ್ಟಾಫೀಸಿನಿಂದ ದಾವಣಗೆರೆಗೆ ಟ್ರಂಕ್ ಕಾಲ್ ಮಾಡಿ ಬಂದಿದ್ದೆ. ಕಣ್ಣಿನ ಡಾಕ್ಟರು ಜೀಪಿನಲ್ಲಿ ಹೊರಟಿದ್ದರು. ಜೀವ ಹೋದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಎರಡು ಗಂಟೆ ಆಗಲೇ ಕಳೆದಿತ್ತು.

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ವೆಲ್ಡಿಂಗ್ ಅಂಗಡಿ ನನ್ನ ಕೈಯಿಂದಲೇ ಎದ್ದದ್ದು, ಯಾರ ಹಂಗೂ ಇಲ್ಲ. ಹಿಂದಿನ ವರ್ಷ ಹೊನ್ನಾಳಿಯ ಕಣ್ಣಿನ ಕ್ಯಾಂಪಿಗೆ ಕಬ್ಬಿಣದ ಮಂಚ ಸರಿಮಾಡಲು ಹೋದಾಗ ಅದೇ ಡಾಕ್ಟರು ಹೇಳಿದ್ದನ್ನು ಕೇಳಿದ್ದೆ: ಪೊರೆ ಬಂದವರ ಕಣ್ಣೂ ದಾನಕ್ಕೆ ಆಗುತ್ತದೆ, ಬೇಕಾಗುವುದು ಮುಂದಿನ ಗಾಜಿನಂಥ ಪದರ ಮಾತ್ರ. ಅಪ್ಪನಿಗೆ ಎರಡೂ ಕಣ್ಣಿಗೆ ಪೊರೆ. ನಾನು ದಾನದ ಫಾರಂ ತಂದು ಹೇಳಿದಾಗ ನಕ್ಕ. "ನನಗೇ ಕೆಲಸಕ್ಕೆ ಬರದ್ದು ಇನ್ನೊಬ್ಬನಿಗೆ ಬರ್ತೈತಾ? ತಗಳ್ಲಿ ಬಿಡು" ಅಂತ ಫಾರಂಗೆ ಹೆಬ್ಬೆಟ್ಟು ಒತ್ತಿದ.

ನಲ್ಲೂರಿನಿಂದ ಬಂದು ಎರಡು ದಿನವಾಗಿದ್ದ ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತ.

"ಕುರುಡನ ಕಣ್ಣು ಯಾವನಿಗೆ ಬೇಕಲೇ? ಕಣ್ಣು ಕಿತ್ತಮ್ಯಾಲೆ ಅಂಗೈಯಾಗಿನ ಲಿಂಗ ಹೆಂಗೆ ನೋಡ್ತಾನೆ ಅವನು?"

ಹಿಂದಿದ್ದ ನೆಂಟರೆಲ್ಲ ಹೌದೆಂದು ತಲೆಯಾಡಿಸಿದರು.

"ಯಾವುದಾರ ಒಂದು ಹೇಳ್ರಿ ದೊಡ್ಡಪ್ಪ. ಕುರುಡನಾ, ನೋಡ್ತಾನಾ? ನಾಲ್ಕು ವರ್ಷ ಲಿಂಗ ಕಂಡಿಲ್ಲ ಅವನಿಗೆ. ಆಗ ಒಬ್ಬರೂ ಕೇಳಲಿಲ್ಲ, ಈಗ ಬಂತೇನ್ರಿ ಚಿಂತೆ?"

"ನಾಲ್ಕು ವರ್ಷ ಮಗ ಅಂತ ನೀನಿದ್ಯಲ್ಲ! ಆಪರೇಷನ್ ಮಾಡಿಸಾಕೆ ಪುರುಸೊತ್ತಿರಲಿಲ್ಲ. ಕಣ್ಣು ಕೀಳಿಸಾಕೆ ಮಾತ್ರ ಅಂಗಡಿ ಮುಚ್ಚಿ ಬಂದೀಯ."

ಚನ್ನಗಿರಿಯ ಕ್ಯಾಂಪನ್ನೂ ಜಗಳೂರಿನ ಕ್ಯಾಂಪನ್ನೂ ಕೆಲಸದ ನೆಪದಲ್ಲಿ ಬಿಟ್ಟಿದ್ದೆ. ಹೊನ್ನಾಳಿಯಲ್ಲಿ ಮಂಚ ಸರಿಮಾಡಿದೆ. ಅದರ ಮೇಲೆ ಅಪ್ಪನನ್ನು ಮಲಗಿಸಲಿಲ್ಲ.

ಜೀಪು ಬಂತು. ಜಗಳ ನೋಡಿದ ಡಾಕ್ಟರು ಅಂಗಳದಲ್ಲೇ ನಿಂತರು. "ಮನೆಯವರು ಒಪ್ಪದೆ ನಾನು ಮುಟ್ಟೋದಿಲ್ಲ" ಅಂದರು. ದೊಡ್ಡಪ್ಪ ಗೆದ್ದವನ ಹಾಗೆ ಚೌಕಟ್ಟಿಗೆ ಕೈ ಊರಿದ. ಅವನನ್ನು ಎತ್ತಿ ಪಕ್ಕಕ್ಕಿಡುವಷ್ಟು ಸಿಟ್ಟು ಬಂದಿತ್ತು ನನಗೆ.

ಅಷ್ಟು ಹೊತ್ತೂ ಅಪ್ಪನ ಪಕ್ಕ ಕೂತಿದ್ದ ಅವ್ವ ಅಂದಳು: "ನಾಲ್ಕು ವರ್ಷ ಅವರು ಬೆರಳಿನಾಗೇ ಲಿಂಗ ನೋಡ್ಯಾರೆ, ಭಾವನೋರೆ. ಬೆರಳು ಜೊತಿಗೇ ಹೋಗ್ತಾವಲ್ಲ, ಸಾಕು. ಬಾಗ್ಲು ಬಿಡ್ರಿ."

ದೊಡ್ಡಪ್ಪ ಕೈ ತೆಗೆದ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ರೆಪ್ಪೆ ಮುಚ್ಚಿದ ಅಪ್ಪನ ಮುಖ ಮೊದಲಿನ ಹಾಗೇ ಇತ್ತು. ಅವ್ವ ಅವನ ಬೆರಳುಗಳನ್ನು ಲಿಂಗದ ಮೇಲೆ ಮಡಚಿದಳು. ದೊಡ್ಡಪ್ಪ ಮಣ್ಣು ಕೊಡದೆ, ನಾಲ್ಕು ಜನರನ್ನು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ಅಲ್ಲಿಂದಾಚೆ ಅವನ ಮನೆಯ ಹೊಸ್ತಿಲು ನಾನು ತುಳಿಯಲಿಲ್ಲ.

ಈಗ ಸಾವಾದ ಮನೆಗೆ ಹೋಗಿ, ಕಣ್ಣು ಕೊಡ್ರಿ ಅಂತ ಕೇಳುತ್ತೇನೆ. ಬೈಸಿಕೊಳ್ಳುತ್ತೇನೆ, ತಿರುಗಿ ಬೈಯುತ್ತೇನೆ. ಮಣ್ಣಿನಲ್ಲಿ ಕೊಳೆಯುವುದನ್ನು ಬಚ್ಚಿಡುವವರ ಮೇಲೆ ನನಗೆ ಮರುಕವಿಲ್ಲ. ಆದರೆ ಪೊರೆ ಬಂದ ಮುದುಕರು ಕಂಡರೆ, ಮೊದಲು ಅಂಗಡಿ ಮುಚ್ಚಿ ಕ್ಯಾಂಪಿಗೆ ಕರೆದೊಯ್ಯುತ್ತೇನೆ. ಫಾರಂ ಆಮೇಲೆ. ದೊಡ್ಡಪ್ಪ ಆ ದಿನ ಅಂದದ್ದು ನಿಜ. ಅವನಿಗೆ ಮಾತ್ರ ಅದನ್ನು ನಾನು ಹೇಳಲಿಲ್ಲ.