ಬೀಗಿತ್ತಿ ಒಪ್ಪಿಸಿಹೋದ ಹ್ಯಾಟೆಗಳು

ಮಗಳನ್ನು ಶಾಂತಿಗ್ರಾಮದ ಕಡೆಗೆ ಕೊಟ್ಟಿದ್ದೇವೆ. ಹೆಣ್ಣೊಪ್ಪಿಸುವಾಗ ಹೆತ್ತವಳು ಎರಡು ಹನಿ ಕಣ್ಣೀರು ಹಾಕಿ, ‘ನಿಮ್ಮ ಮಗಳ ಹಾಗೆ ನೋಡಿಕೊಳ್ಳಿ’ ಅಂದರೆ ಮುಗಿಯಿತು. ನಾನು ಅಷ್ಟಕ್ಕೆ ನಿಲ್ಲಿಸಲಿಲ್ಲ. ಹಾಲಿನಲ್ಲಿ ಅದ್ದಿದ ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು, ಛತ್ರಕ್ಕೆಲ್ಲ ಕೇಳುವ ಹಾಗೆ, “ಇವಳ್ನ ಯಾರೂ ಒಂದು ಮಾತು ಅನ್ನಂಗಿಲ್ಲ. ಅಂದ್ರೆ ನಾನು ಸುಮ್ಕಿರೋಳಲ್ಲ” ಅಂದುಬಿಟ್ಟೆ. ಆ ಮನೆಯ ದೊಡ್ಡ ಸೊಸೆಗೆ ಬಾಯಿ ಜೋರು ಎಂದು ಯಾರೋ ನನ್ನ ಕಿವಿಗೆ ಹಾಕಿದ್ದರು. ಬೀಗಿತ್ತಿ ನನ್ನ ಮುಖ ನೋಡಿ, “ಆಗ್ಲಿ ಕಣಕ್ಕಯ್ಯ” ಎಂದರು, ಅಷ್ಟೇ.

ಕೆಲವು ತಿಂಗಳಾದ ಮೇಲೆ ಅವರು ಹೊಳೆನರಸೀಪುರದ ನಮ್ಮ ಮನೆಗೆ ಬಂದರು. ಕೈಯಲ್ಲಿದ್ದ ವೈರ್ ಬ್ಯಾಗಿನಿಂದ ಎರಡು ಕೆಂಪು ಹ್ಯಾಟೆಗಳು ಕತ್ತು ಹೊರಗೆ ಹಾಕಿದ್ದವು. ಇನ್ನೇನು ಮೊಟ್ಟೆಗೆ ಬರುವ ಹರೆಯದ ಕೋಳಿಗಳು, ಮೈಮೇಲೆ ಒಳ್ಳೇ ಹೊಳಪು.

“ಆಧಾರ್ ಕಾರ್ಡು ತೋರಿಸ್ದೆ, ನಂಗೆ ಬಸ್ಸು ಪುಕ್ಕಟೆ. ಇವುಕ್ಕೆ ಮಾತ್ರ ಟಿಕೆಟ್ ತಕಳಿ ಅಂದ ಕಂಡಕ್ಟ್ರು!” ಎಂದು ನಕ್ಕು, ಎರಡನ್ನೂ ನನ್ನ ಕೈಗೆ ಕೊಟ್ಟರು. “ನಮ್ಮನೆ ಹೆಣ್ಮಕ್ಳು ಕಣಕ್ಕಯ್ಯ, ಒಪ್ಪುಸ್ತಾ ಇವ್ನಿ. ಚೆಂದಾಗಿ ನೋಡ್ಕಳಿ.”

ತಮಾಷೆಗೇ ಅಂದದ್ದು. ನನಗೆ ಮಾತ್ರ ಎಲ್ಲೋ ಚುರ್ ಎಂದಿತು.

ಹೊಸ ಕೋಳಿ ಬಂದರೆ ನಮ್ಮಲ್ಲಿ ಮೊದಲು ಒರಳುಕಲ್ಲಿಗೆ ಮೂರು ಸುತ್ತು ಹಾಕಿಸುತ್ತೇವೆ, ಮನೆ ಬಿಟ್ಟು ಹೋಗದಿರಲಿ ಅಂತ. ಆಮೇಲೆ ಒಂದಷ್ಟು ದಿನ ಬಿದಿರಿನ ಬುಟ್ಟಿ, ಮಂಕರಿ ಕವುಚಿ ಅದರಡಿಯಲ್ಲೇ ಕಾಳು, ನೀರು ಇಡುವುದು. ಹಳೇ ಕೋಳಿಗಳು ಸುತ್ತ ಓಡಾಡುತ್ತ ನೋಡಿ ನೋಡಿ ಒಗ್ಗಿಕೊಂಡ ಮೇಲೆ ಒಂದು ಸಂಜೆ ಗೂಡಿಗೆ ಸೇರಿಸುವುದು. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಬೀಗರು ಹೊತ್ತು ತಂದ ಕೋಳಿಯನ್ನು ಅವರ ಕಣ್ಣೆದುರಿಗೇ ಮಂಕರಿ ಕೆಳಗೆ ತುರುಕುವುದೇ? ಮರ್ಯಾದೆಯಲ್ಲ ಅನ್ನಿಸಿತು. ಒರಳು ಸುತ್ತಿಸಿ ನೇರ ಹಿತ್ತಲಿಗೆ ಬಿಟ್ಟೆ. ಮೊರದ ತುಂಬ ರಾಗಿ ತಂದು ಎರಚಿದೆ. ಹಳೆಯವು, ಹೊಸವು ಎಲ್ಲ ತಲೆ ತಗ್ಗಿಸಿ ಒಟ್ಟಿಗೆ ತಿನ್ನತೊಡಗಿದವು.

“ನೋಡಿ, ನಮ್ಮ ಕೋಳಿಗಳು ಯಾರ್‍ನೂ ಬ್ಯಾಡ ಅನ್ನಕಿಲ್ಲ” ಎಂದು ಜಂಬ ಕೊಚ್ಚಿಕೊಂಡೆ. ಬೀಗಿತ್ತಿ ಕೋಳಿಗಳನ್ನೇ ನೋಡುತ್ತ ಕಾಫಿ ಕುಡಿದರು.

ಅವರು ಬಸ್ಸು ಹತ್ತುವ ಹೊತ್ತಿಗೆ ರಾಗಿ ಮುಗಿದಿತ್ತು. ನಮ್ಮ ಹಿತ್ತಲಿಗೆ ಒಂದು ಹಳೇ ಕರಿಕೋಳಿಯೇ ಯಜಮಾನಿ. ಅದು ತಲೆಯೆತ್ತಿ ನೋಡಿತು, ಬಂದು ಒಂದು ಹ್ಯಾಟೆಯ ನೆತ್ತಿಗೆ ಕುಕ್ಕಿತು. ಯಜಮಾನಿ ಶುರುಮಾಡಿದ ಮೇಲೆ ಮಿಕ್ಕವು ಬಿಟ್ಟಾವೆಯೇ? ರಕ್ತ ಬಂತು. ಓಡಿಹೋಗಿ ಹ್ಯಾಟೆಗಳ ಮೇಲೆ ಮಂಕರಿ ಕವುಚಿದೆ. ಮಂಕರಿ ಎತ್ತಿದಾಗಲೆಲ್ಲ ಕರಿಕೋಳಿ ಅದಕ್ಕೇ ಕಾದು ಕೂತಿದ್ದ ಹಾಗೆ ಬರುತ್ತಿತ್ತು. ಕೊನೆಗೆ ಬೇಸತ್ತು, ತಾವೇ ಸರಿಹೋಗುತ್ತವೆ ಬಿಡು ಎಂದು ಕೈಬಿಟ್ಟೆ. ಹ್ಯಾಟೆಗಳು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಸೇರಿಕೊಂಡವು. ಮಗಳು ವಿಡಿಯೋ ಕಾಲ್ ಮಾಡಿ “ಕೋಳಿ ತೋರ್ಸವ್ವ” ಅಂದರೆ, ನೆಟ್‌ವರ್ಕ್ ಸರಿಯಿಲ್ಲ ಅನ್ನುತ್ತಿದ್ದೆ.

ಹೀಗಿರುವಾಗ ಒಂದು ದಿನ ಪೇಟೆಯಲ್ಲಿ ಯಾರದೋ ಗೃಹಪ್ರವೇಶ ಮುಗಿಸಿಕೊಂಡು ಬೀಗಿತ್ತಿ ಹೇಳದೆ ಕೇಳದೆ ಬಂದರು. ಕಾಲು ತೊಳೆಯಲೆಂದು ನೇರ ಹಿತ್ತಲಿಗೇ ಹೋದರು. ನಾನು ಹಿಂದೆ ಓಡುವುದರೊಳಗೆ ಕಲ್ಲಿನ ಹಿಂದಿನಿಂದ ಒಂದು ಹ್ಯಾಟೆ ಅವರ ಕೈಗೆ ಬಂದಿತ್ತು. ಕತ್ತಿನಲ್ಲಿ ಒಂದೂ ಪುಕ್ಕವಿರಲಿಲ್ಲ. ನೆತ್ತಿಯ ಮೇಲೆ ಕರಿಗಟ್ಟಿದ ಗಾಯ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ‘ನಿಮ್ಮ ಮಗಳ್ನ ನಾವು ಹಿಂಗಾ ಇಟ್ಕಂಡಿರೋದು?’ ಎಂದು ಕೇಳುತ್ತಾರೆ ಎಂದು ಕಾದೆ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಕೇಳಲಿಲ್ಲ.

“ವಸಿ ಅರಿಶಿನ, ಕೊಬ್ರಿ ಎಣ್ಣೆ ತತ್ತಿರಾ?” ಎಂದರು.

ಗಾಯಕ್ಕೆ ಹಚ್ಚಿ ಹ್ಯಾಟೆಯನ್ನು ಕೆಳಗೆ ಬಿಟ್ಟರು. ಆಮೇಲೆ ಉಟ್ಟಿದ್ದ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಕರಿಕೋಳಿಯನ್ನು ಮೂಲೆಗೆ ಅಟ್ಟಿ ಹಿಡಿದು, ಅದನ್ನು ಮಂಕರಿ ಕೆಳಗೆ ಹಾಕಿ ಮೇಲೊಂದು ಕಲ್ಲಿಟ್ಟು, ಬಚ್ಚಲ ಹಿಂದಕ್ಕೆ ಮರೆಮಾಡಿದರು.

“ಕೂಡಾಕ್ಬೇಕಾದ್ದು ಹೊಸವ್ನಲ್ಲ ಕಣಕ್ಕಯ್ಯ, ಇವಳ್ನ. ನಾಕು ದಿನ ಇವಳು ಕಾಣ್ದಿದ್ರೆ ಮಿಕ್ಕವೆಲ್ಲ ಒಂದಾಯ್ತವೆ. ಆಮ್ಯಾಕೆ ಬುಟ್ರೆ ಇವಳೇ ಹೊಸಬಳು.”

ಹಾಗೇ ಆಯಿತು. ಕರಿಕೋಳಿಯನ್ನು ಬಿಟ್ಟಾಗ ಅದು ರಾಗಿಯ ಅಂಚಿನಲ್ಲಿ ನಿಂತು ಜಾಗ ಹುಡುಕುತ್ತಿತ್ತು. ಆ ದಿನ ಮಗಳಿಗೆ ಫೋನ್ ಮಾಡಿ, ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದೆ. ಅವಳು ನಕ್ಕಳು.

“ನಾನು ಬಂದ ಹೊಸದ್ರಲ್ಲೂ ಅತ್ತೆ ಅಂಗೇ ಮಾಡಿದ್ರು ಕಣವ್ವ. ಮುದ್ದೆ ಗಂಟಾಯ್ತು ಅಂತ ವಾರಗಿತ್ತಿ ಅಕ್ಕ ನನ್ನ ಅಳಿಸ್ಬುಟ್ಟಿದ್ರು. ಮಾರನೇ ದಿನವೇ ಅತ್ತೆ ಅವ್ರನ್ನ ತವರಿಗೆ ಕಳ್ಸಿ, ಅಡಿಗೆಮನೆ ನಂಗೆ ಬುಟ್ಕೊಟ್ರು. ವಾಪಸ್ ಬಂದ್ಮೇಲೆ ಅಕ್ಕನೇ ನನ್ನ ಕೇಳ್ಕಂಡು ಅಡಿಗೆ ಮಾಡೋರು. ಈಗ ಚೆನ್ನಾಗಿದೀವಿ.”

“ನಂಗ್ಯಾಕೆ ಹೇಳ್ನಿಲ್ಲ?”

“ಅತ್ತೇನೇ ಬ್ಯಾಡ ಅಂದ್ರು. ನಿಮ್ಮವ್ವ ಸುಮ್ಕಿರೋರಲ್ಲ, ಪಾಪ, ಸಂಕಟ ಪಡ್ತಾರೆ ಅಂದ್ರು.”

ಈಗ ಹ್ಯಾಟೆಗಳು ಮೊಟ್ಟೆಗೆ ಬಂದಿವೆ. ಮೊದಲ ಮೊಟ್ಟೆಗಳನ್ನು ಹೊಟ್ಟಿನಲ್ಲಿ ಹುದುಗಿಸಿ ಡಬ್ಬಿಗೆ ಹಾಕಿಟ್ಟಿದ್ದೇನೆ, ಬೀಗಿತ್ತಿಗೆ ಕೊಟ್ಟುಬರೋಣ ಎಂದು. ಶಾಂತಿಗ್ರಾಮಕ್ಕೆ ಬಸ್ಸಿಗೇನು ಬರವಿಲ್ಲ. ದಿನವೂ ಹೊರಡುತ್ತೇನೆ, ಚಪ್ಪಲಿ ಮೆಟ್ಟಿದ ಮೇಲೆ, ಯಾವ ಮುಖ ಇಟ್ಟುಕೊಂಡು ಆ ಹೊಸಿಲು ತುಳಿಯಲಿ ಎಂದು ಮತ್ತೆ ಒಳಗೆ ಬರುತ್ತೇನೆ.