ಅಮ್ಮ ಹೂತ ಹುಳು

ಹದಿನೈದು ದಿನ ನಮ್ಮೂರಿನಲ್ಲಿ ನನ್ನ ಅಮ್ಮನನ್ನು ಯಾರೂ ಮಾತನಾಡಿಸಲಿಲ್ಲ. ಶಿಡ್ಲಘಟ್ಟದ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯಿದ್ದರೂ ಊರಿನವರು ಕಂಬಿ ಹಿಡಿದು ನಿಂತೇ ಹೋಗುತ್ತಿದ್ದರು. ಅವಳು ಅಂಗಡಿಯ ಹತ್ತಿರ ಹೋದರೆ ಅಲ್ಲಿ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು. ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನೊಬ್ಬ ನನಗೆ ಕೇಳಿಸಲೆಂದೇ, ಊರಿಗೊಬ್ಬ ವಿಲನ್ ಬೇಕಿತ್ತು, ಸಿಕ್ಕಿದ್ದಾಳೆ ಬಿಡು ಅಂದ. ನಾನು ಸುಮ್ಮನೆ ಕೇಳಿಸಿಕೊಳ್ಳುವ ಪೈಕಿಯವಳಲ್ಲ. ಆದರೂ ಅವತ್ತು ತಲೆ ತಗ್ಗಿಸಿಕೊಂಡು ಮನೆಗೆ ಬಂದೆ. ಯಾಕೆ ಅನ್ನುವುದನ್ನೂ ಹೇಳುತ್ತೇನೆ, ಮುಚ್ಚಿಡುವುದಕ್ಕೆ ಈಗ ಏನೂ ಉಳಿದಿಲ್ಲ.

ಅಮ್ಮ ನಡೆಸುತ್ತಿದ್ದದ್ದು ಚಾಕಿ ಮನೆ. ರೇಷ್ಮೆ ಹುಳು ಮೊಟ್ಟೆಯೊಡೆದು ಬಂದಾಗ ಇರುವೆಗಿಂತ ಚಿಕ್ಕದಾಗಿರುತ್ತದೆ. ಆ ಎಳೆ ಹುಳುವನ್ನು ಬದುಕಿಸಿಕೊಳ್ಳುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಅದಕ್ಕೇ ನಮ್ಮ ಕಡೆ ಚಾಕಿ ಮನೆಯವರು ಮೊಟ್ಟೆ ತಂದು, ಹಿಪ್ಪುನೇರಳೆಯ ಚಿಗುರನ್ನು ಸಣ್ಣಗೆ ಹೆಚ್ಚಿ ಹಾಕಿ, ಎರಡು ಜ್ವರ ದಾಟಿಸಿ, ಆಮೇಲೆ ರೈತರಿಗೆ ಕೊಡುತ್ತಾರೆ. ಜ್ವರ ಅಂದರೆ ಇಲ್ಲಿ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಕೂತು, ಹಳೆಯ ಚರ್ಮ ಕಳಚುವ ದಿನ. ಎರಡನೇ ಜ್ವರ ಎದ್ದ ಹುಳುವನ್ನು ರೈತರು ತಮ್ಮ ಹುಳು ಮನೆಗೆ ಒಯ್ದು, ಗೂಡು ಕಟ್ಟುವವರೆಗೆ ಸಾಕುತ್ತಾರೆ.

ನಾವು ಊರ ಹೊರಗಿನ ಕೇರಿಯವರು. ಅಪ್ಪ ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ; ಅಮ್ಮ ಮದುವೆಗೆ ಮುಂಚೆಯೇ ಹತ್ತನೇ ಕ್ಲಾಸು ಪಾಸು ಮಾಡಿದವಳು. ಅವಳು ತರಬೇತಿ ಪಡೆದು ಬಂದು ಚಾಕಿ ಮನೆ ತೆರೆದಾಗ, ಕೇರಿಯಿಂದ ಹುಳು ತರೋದಾ ಎಂದು ಮೂಗು ಮುರಿದವರಿದ್ದರು. ಹುಳು ಮನೆಗೆ ನಮ್ಮ ಕಡೆ ದೇವರ ಮನೆಗಿಂತ ಹೆಚ್ಚು ಮಡಿ. ಹೊರಗಿನವರು ಹೊಸ್ತಿಲು ದಾಟುವ ಹಾಗಿಲ್ಲ, ಕಾಲು ತೊಳೆಯದೆ ಒಳಗೆ ಹೆಜ್ಜೆಯಿಡುವ ಹಾಗಿಲ್ಲ. ಮೊದಲ ವರ್ಷ ಅಮ್ಮನ ಹತ್ತಿರ ಹುಳು ತೆಗೆದುಕೊಂಡವರು ನಾಲ್ಕೇ ಮನೆಯವರು. ಆ ನಾಲ್ಕು ಮನೆಯ ಗೂಡು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಗೆ ಹೋದ ಮೇಲೆ ಮುರಿದ ಮೂಗುಗಳು ತಾವಾಗಿಯೇ ನೆಟ್ಟಗಾದವು. ನಾನು ಚಿಂತಾಮಣಿಯಲ್ಲಿ ಬಿ.ಎಡ್. ಮುಗಿಸಿ ಮನೆಗೆ ಬಂದ ವರ್ಷಕ್ಕೆ ಸುತ್ತಲಿನ ಮೂವತ್ತು ಮನೆಗಳು ಅಮ್ಮನ ಹುಳುವನ್ನೇ ನಂಬಿದ್ದವು. ಆ ನಂಬಿಕೆ ಬಿಟ್ಟರೆ ಅವಳಿಗೆ ಬೇರೆ ಆಸ್ತಿ ಇರಲಿಲ್ಲ.

ಆ ಸಲದ ಹುಳು ಎರಡನೇ ಜ್ವರಕ್ಕೆ ಕೂತಾಗ ಅಮ್ಮನ ಮುಖ ಕೆಟ್ಟಿತು. ಹುಳು ಸಾಕುವ ಒಂದೇ ತಟ್ಟೆಯಲ್ಲಿ ಕೆಲವು ಜ್ವರ ಎದ್ದಿದ್ದವು, ಕೆಲವು ಇನ್ನೂ ಕೂತೇ ಇರಲಿಲ್ಲ. ಸಣ್ಣ ದೊಡ್ಡ ವ್ಯತ್ಯಾಸ ಎಲ್ಲ ಬೆಳೆಯಲ್ಲೂ ಇರುತ್ತದಲ್ಲ ಎಂದು ನಾನು ಹೇಳಿದ್ದಕ್ಕೆ, ಬಿ.ಎಡ್.ನಲ್ಲಿ ಇದನ್ನೂ ಹೇಳಿಕೊಟ್ಟರಾ ಎಂದು ಕೇಳಿದಳು. ಒಂದಷ್ಟು ಹುಳುವನ್ನು ಡಬ್ಬಿಗೆ ಹಾಕಿಕೊಂಡು ರೇಷ್ಮೆ ಇಲಾಖೆಯಲ್ಲಿ ಪರೀಕ್ಷೆ ಮಾಡಿಸಲು ಬಸ್ಸು ಹತ್ತಿದಳು. ಅಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿದವರು, ಒಂದೆರಡು ರೋಗಾಣು ಕಂಡ ಹಾಗಿದೆ, ಅದೇ ಎಂದು ಈಗಲೇ ಹೇಳಲು ಬರುವುದಿಲ್ಲ, ನಾಲ್ಕು ದಿನ ಬಿಟ್ಟು ಇನ್ನೊಂದು ಸಲ ತನ್ನಿ ಎಂದು ಹೇಳಿ ಕಳಿಸಿದರಂತೆ. ಅದು ಅಂದರೆ ಗಂಟುರೋಗ. ರೇಷ್ಮೆಯವರ ಮನೆಯಲ್ಲಿ ಆ ಹೆಸರನ್ನು ಜೋರಾಗಿ ಹೇಳುವುದಿಲ್ಲ. ಒಂದು ಸಲ ಹೊಕ್ಕಿತೆಂದರೆ ಈ ಬೆಳೆಯನ್ನೂ ತಿನ್ನುತ್ತದೆ, ತಟ್ಟೆ, ಗೋಡೆ, ನೆಲದಲ್ಲಿ ಉಳಿದು ಮುಂದಿನ ಬೆಳೆಯನ್ನೂ ತಿನ್ನುತ್ತದೆ.

ಆದರೆ ಹುಳು ನಾಲ್ಕು ದಿನ ಕಾಯುವುದಿಲ್ಲ. ಮಾರನೇ ಬೆಳಿಗ್ಗೆ ಮೂವತ್ತು ಮನೆಯವರು ಹುಳು ಒಯ್ಯಲು ಬರುವವರಿದ್ದರು. ಅವರ ತೋಟದಲ್ಲಿ ಸೊಪ್ಪು ಹದಕ್ಕೆ ಬಂದಿತ್ತು, ತಡವಾದರೆ ಬಲಿತು ಕುರಿಯ ಪಾಲಾಗುತ್ತಿತ್ತು. ಅಮ್ಮ ಮಧ್ಯಾಹ್ನದ ಊಟವನ್ನೂ ಮಾಡದೆ ತಟ್ಟೆಗಳ ನಡುವೆ ಓಡಾಡಿದಳು. ನಾಲ್ಕು ಗಂಟೆಯ ಹೊತ್ತಿಗೆ ಹೊರಗೆ ಬಂದು, ಗುಂಡಿ ತೆಗೆಸಬೇಕು, ಎಲ್ಲವನ್ನೂ ಹೂಳೋಣ ಅಂದಳು.

ನನಗೆ ತಲೆ ಕೆಟ್ಟಿತು. ಅನುಮಾನ ಇರುವ ತಟ್ಟೆ ಮಾತ್ರ ತೆಗೆದುಹಾಕು, ಉಳಿದದ್ದು ಕೊಡು ಅಂದೆ. ಒಂದು ಬೆಳೆ ಹೋದರೆ ಜನ ನಿನ್ನನ್ನು ಹುರಿದು ಮುಕ್ಕುತ್ತಾರೆ, ಕೇರಿಯವಳು ಎಂದು ಮತ್ತೆ ಶುರು ಮಾಡುತ್ತಾರೆ ಎಂದು ಕೂಗಾಡಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಹಾರೆ ತಗೊಂಡು ಬಾ ಎಂದಷ್ಟೇ ಹೇಳಿದಳು.

ಅದೇ ಹೊತ್ತಿಗೆ ಚಿಕ್ಕಪ್ಪ ಬಂದ. ಅಪ್ಪನ ತಮ್ಮ. ಹೊಸದಾಗಿ ಹುಳು ಮನೆ ಕಟ್ಟಿಸಿ, ಹಿಂದಿನ ವಾರವಷ್ಟೇ ಹಾಲು ಉಕ್ಕಿಸಿದ್ದ. ಹಾಲು ಉಕ್ಕಿಸಿದ ಹುಳು ಮನೆಯನ್ನು ಖಾಲಿ ಬಿಡಬಾರದು ಅನ್ನುವುದು ನಮ್ಮ ಕಡೆಯ ನಂಬಿಕೆ. ಮೊದಲ ಬೆಳೆ ತಪ್ಪಿದರೆ ಆ ಮನೆಗೆ ಏಳಿಗೆಯಿಲ್ಲ ಅನ್ನುತ್ತಾರೆ. ಅಮ್ಮ ಹಿತ್ತಿಲಿನಲ್ಲಿ ಗುಂಡಿ ತೆಗೆಸುತ್ತಿದ್ದಳು. ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಎರಡೇ ಎರಡು ತಟ್ಟೆ ಕೊಡಮ್ಮ. ನಿಮ್ಮಮ್ಮಂಗೆ ಅತಿ ಭಯ. ನಾನ್ ಯಾರಿಗೂ ಹೇಳಲ್ಲ."

ಕೊಟ್ಟೆ. ಒಂದೇ ಸಮನಾಗಿ ಕಾಣುವ ತಟ್ಟೆ ಎರಡನ್ನು ನಾನೇ ಆರಿಸಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಅವನ ಗಾಡಿಯ ಹಿಂದೆ ಕಟ್ಟಿದೆ. ಅಮ್ಮನಿಗೆ ಒಂದು ದಿನ ನನ್ನಿಂದಲೇ ಬುದ್ಧಿ ಬರಬೇಕು, ಚಿಕ್ಕಪ್ಪನ ಗೂಡು ಚೆನ್ನಾಗಿ ಬಂದಾಗ ತೋರಿಸುತ್ತೇನೆ ಅಂದುಕೊಂಡೆ. ಓದಿದವಳು ಅನ್ನುವ ಜಂಬ ಆಗ ನನಗೆ ಮೈತುಂಬ ಇತ್ತು.

ಉಳಿದದ್ದನ್ನೆಲ್ಲ ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿ ಹೂತೆವು. ಹೊತ್ತು ಮುಳುಗುವಷ್ಟರಲ್ಲಿ ಮುಗಿಯಿತು. ಬೆಳಿಗ್ಗೆ ಬಂದ ರೈತರನ್ನು ಅಮ್ಮ ಅಂಗಳದಲ್ಲೇ ನಿಲ್ಲಿಸಿ, ಹುಳು ಇಲ್ಲ, ಅನುಮಾನ ಬಂತು, ಹೂತೆ ಎಂದು ನೇರವಾಗಿ ಹೇಳಿದಳು. ಅವರು ಕೊಟ್ಟಿದ್ದ ಮುಂಗಡವನ್ನು ಅಲ್ಲೇ ವಾಪಸು ಕೊಟ್ಟಳು. ಅದರಿಂದ ಯಾರ ಸಿಟ್ಟೂ ಇಳಿಯಲಿಲ್ಲ. ಪರೀಕ್ಷೆಯ ಚೀಟಿ ತೋರಿಸು ಎಂದು ಕೇಳಿದರು. ಚೀಟಿ ಎಲ್ಲಿಂದ ಬರಬೇಕು? ಅನುಮಾನ ಎಂದು ಯಾರೂ ಬರೆದುಕೊಡುವುದಿಲ್ಲ. ರೋಗ ಇತ್ತೋ ಇಲ್ಲವೋ ಹೇಳಬೇಕಾದ ಹುಳು ಮೂರಡಿ ಮಣ್ಣಿನ ಕೆಳಗಿತ್ತು. ಅಮ್ಮನ ಮೊದಲ ನಾಲ್ಕು ಮನೆಗಳಲ್ಲಿ ಒಂದು ಮನೆಯ ಯಜಮಾನ, ತೆಲುಗು ಮಾತಿನ ಒಬ್ಬ ತಾತ, ಆ ಬೆಳೆಯ ಮೇಲೆ ಮೊಮ್ಮಗಳ ನಾಮಕರಣ ಇಟ್ಟುಕೊಂಡಿದ್ದ. ಅವನು ಬೈಯಲೂ ಇಲ್ಲ, ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ. ಅಮ್ಮನಿಗೆ ನಾಟಿದ್ದು ಅದೊಂದೇ ಇರಬೇಕು.

ಕೆಲವರು ಓಡಾಡಿ ಬೇರೆ ಕಡೆಯಿಂದ ಹುಳು ತಂದರು. ಹೆಚ್ಚಿನವರಿಗೆ ಸಿಗಲಿಲ್ಲ. ಬಲಿತ ಸೊಪ್ಪನ್ನು ಕುರಿಗೆ ಕೊಯ್ದು ಹಾಕುವಾಗಲೆಲ್ಲ ಅಮ್ಮನ ಹೆಸರು ಬರುತ್ತಿತ್ತು. ಹುಳುವನ್ನು ಹೆಚ್ಚು ಬೆಲೆಗೆ ಬೇರೆ ಊರಿಗೆ ಮಾರಿ ಖಾಲಿ ಗುಂಡಿ ಮುಚ್ಚಿದ್ದಾಳೆ ಎಂದೂ ಹಬ್ಬಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ, ನಮ್ಮೂರಲ್ಲಿ ಸ್ವಲ್ಪ ಜಾಸ್ತಿ. ಚಿಕ್ಕಪ್ಪನೂ ಅವರ ಜೊತೆ ಸೇರಿಕೊಂಡು, ಅತ್ತಿಗೆಗೆ ಜಂಬ ಹೆಚ್ಚಾಯಿತು, ನಾನಂತೂ ಚಿಂತಾಮಣಿ ಕಡೆಯಿಂದ ಹುಳು ತಂದೆ ಎಂದು ಹೇಳಿಕೊಂಡು ತಿರುಗಿದ. ನನಗೆ ಅದನ್ನು ಕೇಳಿ ಮೈ ಉರಿಯುತ್ತಿತ್ತು. ಆದರೆ ಬಾಯಿ ಬಿಟ್ಟರೆ ಎರಡು ತಟ್ಟೆಯ ವಿಷಯ ಹೊರಗೆ ಬರುತ್ತದೆ. ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ.

ಅಮ್ಮ ಮಾತ್ರ ದಿನಾ ಬೆಳಿಗ್ಗೆ ಎದ್ದು ತಟ್ಟೆಗಳನ್ನು ತೊಳೆದು ಬಿಸಿಲಿಗೆ ಇಡುತ್ತಿದ್ದಳು. ಗೋಡೆಗೆ ಸುಣ್ಣ ಬಳಿದಳು, ನೆಲಕ್ಕೆ ಔಷಧಿ ಸಿಂಪಡಿಸಿದಳು, ಮಾರನೇ ದಿನ ಮತ್ತೆ ಸಿಂಪಡಿಸಿದಳು. ನೀನು ಮಾಡಿದ್ದು ಸರಿ ಎಂದು ಹೇಳುವವರು ಮನೆಯೊಳಗೂ ಇರಲಿಲ್ಲ. ಅಪ್ಪ ಪೇಪರು ಓದುವ ನೆವದಲ್ಲಿ ಮುಖ ಮುಚ್ಚಿಕೊಂಡಿರುತ್ತಿದ್ದರು.

ಹದಿನೈದನೇ ದಿನ ಬೆಳಿಗ್ಗೆ ಡೇರಿಯಲ್ಲಿ ಹಾಲು ಹಾಕಲು ಅಮ್ಮ, ನಾನು ನಿಂತಿದ್ದೆವು. ಅರ್ಧ ಊರು ಅಲ್ಲೇ ಇತ್ತು. ಚಿಕ್ಕಪ್ಪ ಒಂದು ಪೇಪರಿನ ಪೊಟ್ಟಣ ಹಿಡಿದುಕೊಂಡು ಬಂದವನೇ ಅದನ್ನು ಅಮ್ಮನ ಕಾಲ ಬಳಿ ಬಿಚ್ಚಿ ಸುರಿದ. ಹುಳುಗಳು. ನಾಲ್ಕನೇ ಜ್ವರ ಎದ್ದು ಬೆರಳುದ್ದ ಆಗಬೇಕಾಗಿದ್ದವು, ಒಂದೊಂದು ಒಂದೊಂದು ಗಾತ್ರಕ್ಕಿದ್ದವು, ಮೈಮೇಲೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಇದು ನಿಮ್ಮ ಮನೆಯ ಹುಳು, ರೋಗದ ಹುಳು ಕೊಟ್ಟು ನನ್ನ ಹೊಸ ಮನೆ ಹಾಳು ಮಾಡಿದಿರಿ ಎಂದು ಬಾಯಿಗೆ ಬಂದ ಹಾಗೆ ಬೈದ. ಸಿಟ್ಟಿನಲ್ಲಿ ಅವನಿಗೆ ತಾನು ಹೇಳುತ್ತಿರುವುದು ಏನೆಂದು ಹೊಳೆಯಲೇ ಇಲ್ಲ.

ಅಮ್ಮ ಬಗ್ಗಿ ಒಂದು ಹುಳುವನ್ನು ಎತ್ತಿ ನೋಡಿದಳು. ನಾನು ಎಲ್ಲವನ್ನೂ ಹೂತಿದ್ದೆನಲ್ಲ, ನಿನಗೆ ಎಲ್ಲಿಂದ ಬಂತು ಎಂದು ಕೇಳಿದಳು. ಅವನು ನನ್ನ ಕಡೆ ನೋಡಿದ. ಅಮ್ಮನೂ ನೋಡಿದಳು. ಒಂದು ಗಳಿಗೆ ಅಷ್ಟೇ. ಆಮೇಲೆ ನನ್ನಿಂದ ಕಣ್ಣು ತೆಗೆದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

"ಹೌದು, ನಮ್ಮನೇದೇ ಹುಳು. ತಪ್ಪು ನಮ್ದೇ."

ನನ್ನ ಹೆಸರು ಹೇಳಲಿಲ್ಲ. ಹೇಳುವುದೂ ಇಲ್ಲ ಎಂದು ನನಗೆ ಗೊತ್ತಾಯಿತು. ಹದಿನೈದು ದಿನದ ಜೊತೆಗೆ ಇದನ್ನೂ ಹೊತ್ತುಕೊಂಡು ಅವಳು ಮನೆಗೆ ಹೊರಡಲು ತಯಾರಾಗಿದ್ದಳು. ಕ್ಯಾನು ಕೆಳಗಿಟ್ಟು, ಅಮ್ಮನಿಗೆ ಗೊತ್ತಿಲ್ಲದ ಹಾಗೆ ನಾನೇ ಕೊಟ್ಟೆ, ಅವಳು ಒಂದು ಹುಳುವನ್ನೂ ಬಿಡದೆ ಹೂಳಬೇಕು ಅಂದಿದ್ದಳು ಎಂದು ಹೇಳಿದೆ.

ಅವತ್ತು ಟವಲ್ ಕೊಡವಿ ಹೋಗಿದ್ದ ಆ ತಾತ ಮುಂದೆ ಬಂದು, ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು ಬಿಸಿಲಿಗೆ ಹಿಡಿದು ನೋಡಿದ. ಅಮ್ಮನ ಕಡೆ ತಿರುಗಿ ತೆಲುಗಿನಲ್ಲಿ ಮೆಲ್ಲಗೆ ಹೇಳಿದ.

"ಇದಿ ಮಾ ಇಂಟಿಕಿ ರಾವಲ್ಸಿಂದೇ ಕದಮ್ಮಾ."

ನಮ್ಮ ಮನೆಗೆ ಬರಬೇಕಾಗಿದ್ದದ್ದೇ ಅಲ್ಲವೇನಮ್ಮ ಇದು ಎಂದು. ಅಲ್ಲಿದ್ದವರಲ್ಲಿ ತೆಲುಗು ಬಾರದವರು ಯಾರೂ ಇರಲಿಲ್ಲ. ಒಬ್ಬೊಬ್ಬರೇ ಬಗ್ಗಿ ನೋಡಿದರು. ಮೂವತ್ತು ಹುಳು ಮನೆಗಳ ಗೋಡೆಗೂ ನೆಲಕ್ಕೂ ಹೋಗಬೇಕಾಗಿದ್ದದ್ದು ಡೇರಿಯ ಮುಂದೆ ಹೊರಳುತ್ತಿತ್ತು. ನನ್ನ ಜೊತೆ ಓದಿದ ಆ ಮಹಾನುಭಾವ ಸಾಯಂಕಾಲ ಸಿಕ್ಕಿ, ನಿಮ್ಮಮ್ಮ ಹೀರೋ ಬಿಡಮ್ಮ ಅಂದ. ಗಾಳಿ ಬಂದಾಗ ತೂರಿಕೊಳ್ಳುವ ಕಲೆಯನ್ನು ಅವನಿಂದ ಕಲಿಯಬೇಕು.

ಅಮ್ಮ ಯಾರ ಹೊಗಳಿಕೆಗೂ ನಿಲ್ಲದೆ ನೇರವಾಗಿ ಚಿಕ್ಕಪ್ಪನ ಮನೆಗೆ ನಡೆದಳು. ಅಕ್ಕಪಕ್ಕದ ಹುಳು ಮನೆಗೆ ರೋಗ ದಾಟುವ ಮೊದಲು ಎಲ್ಲವನ್ನೂ ಹೂಳಬೇಕಿತ್ತು. ಗುಂಡಿಯನ್ನು ನನ್ನ ಕೈಲಿ ತೆಗೆಸಿದಳು. ಮೂರು ದಿನ ನಾವಿಬ್ಬರೂ ಅಲ್ಲಿ ತೊಳೆದೆವು, ಬಳಿದೆವು. ಚಿಕ್ಕಮ್ಮ ಮೊದಲ ದಿನ ಮುಖ ತಿರುಗಿಸಿಕೊಂಡಿದ್ದವಳು ಎರಡನೇ ದಿನ ಬಿಸಿ ಮುದ್ದೆ, ಅವರೆಕಾಳು ಸಾರು ತಂದು ನಮ್ಮ ಮುಂದಿಟ್ಟು ಹೋದಳು. ಪುಣ್ಯಕ್ಕೆ ರೋಗ ಬೇರೆ ಯಾರ ಮನೆಗೂ ದಾಟಲಿಲ್ಲ. ದಾಟಿದ್ದರೆ ಈ ಕಥೆಯ ವಿಲನ್ ಯಾರು ಎಂದು ಯಾರೂ ಹುಡುಕಬೇಕಾಗಿರಲಿಲ್ಲ.

ಮೂರನೇ ದಿನ ಸುಣ್ಣ ಬಳಿಯುತ್ತ ನಾನು ಅಮ್ಮನನ್ನು ಕೇಳಿದೆ. ಚಿಕ್ಕಪ್ಪನ ಹುಳುವಿಗೆ ಏನೂ ಆಗದೆ, ಒಳ್ಳೆಯ ಗೂಡು ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು.

"ಏನ್ ಮಾಡೋದು, ಸಾಯೋವರ್ಗೂ ಬೈಸ್ಕೊಂತಿದ್ದೆ."

"ಹೂತಿದ್ದು ತಪ್ಪಾಯ್ತು ಅನ್ಕೊಂತಿರ್ಲಿಲ್ವಾ?"

ಅವಳು ಬ್ರಷ್ಷನ್ನು ಬಕೆಟ್ಟಿಗೆ ಅದ್ದಿ ಅಂಚಿಗೆ ಒರೆಸಿದಳು. "ಹುಳು ಬದುಕಿದ್ರೆ ಸಂತೋಷಾನೇ ಕಣೇ. ಆದ್ರೆ ಅವತ್ತು ನಂಗೆ ಅನುಮಾನ ಇತ್ತಲ್ಲ. ಅದನ್ನ ಮುಚ್ಚಿಟ್ಕೊಂಡು ಇನ್ನೊಬ್ರ ಮನೆಗೆ ಹೆಂಗ್ ಕಳಿಸ್ಲಿ? ಇನ್ನೊಂದ್ಸಲ ಅನುಮಾನ ಬಂದ್ರೂ ಹೂಳ್ತೀನಿ."

ನಾನು ಈಗ ಗೌರಿಬಿದನೂರಿನಲ್ಲಿ ಟೀಚರು. ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು, ಅವತ್ತು ನಿಮ್ಮಮ್ಮ ಊರು ಉಳಿಸಿದಳು ಎಂದು ಹೇಳುತ್ತಾರೆ. ನಿಜ. ಆದರೆ ನಾನು ಅಮ್ಮನ ಮಾತು ಕೇಳಿ ಆ ಎರಡು ತಟ್ಟೆಯನ್ನೂ ಗುಂಡಿಗೆ ಹಾಕಿದ್ದರೆ ಅವಳು ಇವತ್ತಿಗೂ ಅವರ ಪಾಲಿಗೆ ಬೆಳೆ ಹಾಳು ಮಾಡಿದವಳೇ ಆಗಿರುತ್ತಿದ್ದಳು. ಅವಳು ಒಳ್ಳೆಯವಳೆಂದು ಊರಿಗೆ ತೋರಿಸಿದ್ದು ನನ್ನ ಕಳ್ಳತನ. ಇದನ್ನು ನೆನೆದಾಗ ನನಗೆ ಇನ್ನೂ ನಾಚಿಕೆಯಾಗುತ್ತದೆ. ಊರು ಹೆಮ್ಮೆಪಡುವುದು ಡೇರಿಯ ಮುಂದೆ ನಿಂತ ಅಮ್ಮನ ಬಗ್ಗೆ. ನನಗೆ ಹೆಮ್ಮೆ ಅದಕ್ಕೂ ಹಿಂದಿನ ಹದಿನೈದು ದಿನದ ಅಮ್ಮನ ಬಗ್ಗೆ. ಆಗ ಅವಳ ಕೈಯಲ್ಲಿ ಒಂದು ಸಾಕ್ಷಿಯೂ ಇರಲಿಲ್ಲ, ಹೆತ್ತ ಮಗಳೂ ಅವಳನ್ನು ನಂಬಿರಲಿಲ್ಲ.